ಐಸಿಲ್ಡಳ ಫ್ರೀಜರಿನಲ್ಲಿ ಓಬದಾಯನ ಹಿಟ್ಟು

ದ್ವೀಪದ ಪಶ್ಚಿಮ ಅಂಚಿನ ವೆಸ್ಟ್‌ಮೋರ್‌ಲ್ಯಾಂಡ್ ಸೀಮೆಯ ನಮ್ಮ ಗುಡ್ಡದಲ್ಲಿ ಗಾಂಜಾ ಗಿಡ ಗಂಡೆಂದು ಗೊತ್ತಾದ ಗಳಿಗೆಯೇ ಅದನ್ನು ಕಿತ್ತೆಸೆಯುತ್ತಾರೆ. ಅದರ ಪರಾಗ ಹಾರಿ ಹೆಣ್ಣು ಗಿಡಕ್ಕೆ ತಾಗಿದರೆ ಹೂವಿನ ತುಂಬ ಬೀಜ. ಅಂಥ ಹೂವನ್ನು ಕೊಳ್ಳುವವರು ಮೂಸಿಯೂ ನೋಡುವುದಿಲ್ಲ. ಇಂಥ ಊರಿನಲ್ಲಿ ತಳಿ ಕಟ್ಟುವ ಹುಚ್ಚಿಗೆ ಗಂಡು ಗಿಡಗಳನ್ನೇ ಮುದ್ದಿನಿಂದ ಸಾಕುತ್ತಿದ್ದ ಪುಣ್ಯಾತ್ಮ ಓಬದಾಯ. ಅವನು ದಾರಿಯಲ್ಲಿ ಕಂಡರೆ ಜನ ಬೇಲಿಯಾಚೆಯಿಂದಲೇ ನೀರೆರಚುತ್ತಿದ್ದರು, ಅಂಗಿಗೆ ಅಂಟಿದ ಪರಾಗ ಒದ್ದೆಯಾದರೆ ಸತ್ತಂತೆಯೇ. ಭಾನುವಾರ ಚರ್ಚಿಗೂ ಒದ್ದೆ ಅಂಗಿಯಲ್ಲೇ ಹೋಗುತ್ತಿದ್ದ. ಪಾದ್ರಿಗೆ ಮಾತ್ರ ಅದು ಪಶ್ಚಾತ್ತಾಪದ ಬೆವರಿನಂತೆ ಕಾಣುತ್ತಿತ್ತಂತೆ.

ಕಳೆದ ವರ್ಷದ ಚಂಡಮಾರುತ ಅವನ ತೋಟವನ್ನು ಗುಡಿಸಿಹಾಕಿತು. ಅಜ್ಜನ ಕಾಲದ, ಕಿತ್ತಳೆ ಸಿಪ್ಪೆಯ ವಾಸನೆಯ ತಳಿಯಲ್ಲಿ ಒಂದೇ ಒಂದು ಗಂಡು ಉಳಿದು, ಹೂಬಿಟ್ಟು, ಅದೂ ಕಣ್ಣುಮುಚ್ಚಿತು. ಓಬದಾಯ ಅದರ ಪರಾಗವನ್ನು ಜರಡಿ ಹಿಡಿದು ಒಣಗಿಸಿದ. ತೇವ ಹೀರಲೆಂದು ಹುರಿದು ಆರಿಸಿದ ಮೈದಾಹಿಟ್ಟು ಬೆರೆಸಿ, ಶೀಶೆಗೆ ತುಂಬಿ ಬಿರಡೆ ಬಿಗಿದ. ಇನ್ನು ಅದು ಮಂಜುಗಟ್ಟುವ ತಂಪಿನಲ್ಲಿರಬೇಕು. ಗುಡ್ಡದಲ್ಲಿ ಫ್ರೀಜರ್ ಇದ್ದದ್ದು ಐಸಿಲ್ಡಳ ಊಟದಂಗಡಿಯಲ್ಲಿ ಮಾತ್ರ. "ಹೊಟ್ಟೆನೋವಿನ ಹಿಟ್ಟು ಅಕ್ಕಾ, ತಣ್ಣಗಿದ್ರೇನೇ ಕೆಲ್ಸ ಮಾಡೋದು" ಎಂದು ಸುಳ್ಳು ಹೇಳಿ ಮೀನುಗಳ ನಡುವೆ ಇಟ್ಟು ಬಂದ. ಅವನಲ್ಲಿ ಹೆಣ್ಣು ಗಿಡ ಒಂದೂ ಉಳಿದಿರಲಿಲ್ಲ. ಯಾರದಾದರೂ ಗಿಡಕ್ಕೆ ಸೋಕಿಸಲೇಬೇಕು, ಇಲ್ಲವಾದರೆ ಅಜ್ಜನ ತಳಿಯ ಕಥೆ ಮುಗಿದಂತೆ. ಮುಟ್ಟಲು ಬಿಡುವ ಮಹಾನುಭಾವ ಎಲ್ಲಿದ್ದಾನೆ?

ಒಂದು ಶನಿವಾರ ಮಧ್ಯಾಹ್ನ ಅಂಗಡಿಯ ತುಂಬ ಬೆಳೆಗಾರರು, ಮೂಲೆಯ ಬೆಂಚಿನಲ್ಲಿ ಓಬದಾಯ. ಸೂಪಿನ ಕಡುಬಿಗೆ ಹಿಟ್ಟು ಸಾಲದೆಂದು ಐಸಿಲ್ಡ ಓಬದಾಯನ ಶೀಶೆ ತೆಗೆದು ಬಿರಡೆಗೆ ಕೈಹಾಕಿದಳು.

"ಅಕ್ಕಾ, ಬೇಡ!"

"ಯಾಕೋ? ಇವರ ಹೊಟ್ಟೇನೂ ತಣ್ಣಗಿರ್ಲಿ ಬಿಡು."

"ಅದು... ಹಳೇದು."

"ಬೇಯ್ಸಿದ್ರಾಯ್ತು."

ಬಾಯಿ ಬಿಟ್ಟರೆ ಊರು ಚರ್ಮ ಸುಲಿಯುತ್ತದೆ, ಬಿಡದಿದ್ದರೆ ಅಜ್ಜನ ತಳಿ ಸೂಪಿನಲ್ಲಿ ಬೇಯುತ್ತದೆ. ಓಬದಾಯ ಕಣ್ಣು ಮುಚ್ಚಿ ಒದರಿದ: "ಪರಾಗ ಕಣಕ್ಕಾ! ಅಜ್ಜನ ಗಿಡದ್ದು! ತೆರೀಬೇಡ!"

ಬೆಂಚುಗಳು ಧಡಧಡ ಹಿಂದೆ ಸರಿದವು. ಎಲ್ಲರಿಗಿಂತ ಜೋರು ದನಿ ಬೆಳೆಗಾರ ಲಸೆಲ್ಸ್‌ನದು. "ನಮ್ಮ ತೋಟದ ಪಕ್ಕದಲ್ಲೇ ಇದನ್ನ ಇಟ್ಟಿದ್ಯೇನೋ, ಹಾಳಾದೋನೆ!"

"ಇಷ್ಟು ದಿನ ನನ್ನ ಮೀನಿನ ಜೊತೆ ಮಲಗಿತ್ತು, ನಿನ್ನ ಹೂವಲ್ಲಿ ಒಂದಾದ್ರೂ ಬೀಜ ಬಂತಾ? ಕೂತ್ಕೋ" ಎಂದು ಐಸಿಲ್ಡ ಶೀಶೆಯನ್ನು ಮತ್ತೆ ಫ್ರೀಜರಿಗೆ ತಳ್ಳಿದಳು. ಆಮೇಲೆ ಓಬದಾಯನ ಕಡೆ ತಿರುಗಿದಳು. "ಹೊಟ್ಟೆನೋವಿನ ಹಿಟ್ಟಂತೆ! ನನ್ನ ಕಿವಿಗೇ ಹೂವಿಡ್ತೀಯಾ? ನಿನ್ನ ಬಾಯಿಂದಾನೇ ಬರ್ಲಿ ಅಂತ ಕಾಯ್ತಿದ್ದೆ."

ಲಸೆಲ್ಸ್ ಸೂಪು ಕುಡಿದು, ಎಲ್ಲರಿಗೂ ಕೇಳುವಂತೆ ಇನ್ನೊಂದು ಸುತ್ತು ಬೈದು ಹೊರಟ. ಓಬದಾಯ ಮನೆದಾರಿ ಹಿಡಿದಾಗ ಅದೇ ಲಸೆಲ್ಸ್ ದೀವಿಹಲಸಿನ ಮರದ ಮರೆಯಲ್ಲಿ ನಿಂತಿದ್ದ.

"ಆ ಕಿತ್ತಳೆ ಸಿಪ್ಪೆ ವಾಸನೇದಾ?" ದನಿ ಇಳಿದಿತ್ತು.

"ಹೂಂ."

"ನಮ್ಮಪ್ಪ ಅದನ್ನೇ ಸೇದ್ತಿದ್ದ ಕಣೋ. ಸಾಯಂಕಾಲ ಜಗಲಿ ತುಂಬ ಅದೇ." ಲಸೆಲ್ಸ್ ಹಿಂದೆ ಮುಂದೆ ನೋಡಿದ. "ಹಿತ್ತಲಲ್ಲಿ ಒಂದು ಹೆಣ್ಣು ಗಿಡ ಬೇರೇನೇ ಇಟ್ಟಿದೀನಿ. ಕೆಳಗಿನ ಕೊಂಬೆಗೆ ಒಂದು ಚಿಟಿಕೆ ಸಾಕು. ಯಾರಿಗೂ ಹೇಳ್ಬೇಡ."

ಓಬದಾಯ ತಲೆಯಾಡಿಸಿದ. ಅಷ್ಟರಲ್ಲಿ ಬಾಳೆಗಿಡಗಳ ಹಿಂದೆ ಯಾರೋ ಕೆಮ್ಮಿದರು.

"ಓಬದಾಯಣ್ಣ, ಅವನು ಹೋದ್ಮೇಲೆ ನಂದೂ ಒಂದು ಮಾತಿದೆ."