ಗ್ಯೋಟೋಕು ಸ್ಟೇಷನ್ನಿನಲ್ಲಿ ಕೇಳಿದ ಕ್ಷಮೆ

ಸುಮಿಮಾಸೆನ್ ಎಂದು ಜಪಾನಿ ಭಾಷೆಯಲ್ಲಿ ಹೆಜ್ಜೆಹೆಜ್ಜೆಗೂ ಕ್ಷಮೆ ಕೇಳುವ ಈ ದೇಶದಲ್ಲಿ, ಉತ್ತರಕ್ಕಾಗಿ ಕಾದು ನಿಂತವನನ್ನು ಇವತ್ತು ಕಂಡೆ. ಗ್ಯೋಟೋಕು ಸ್ಟೇಷನ್ನಿನಲ್ಲಿ ಭಾವನ ಜೊತೆ ರೈಲಿಗೆ ಕಾಯುತ್ತಿದ್ದಾಗ ಅವರ ಆಫೀಸಿನ ಡೇನಿಯಲ್ ಹುಡುಕಿಕೊಂಡು ಬಂದ. ಆತ ಯಹೂದಿ. ಮೀಟಿಂಗಿನಲ್ಲಿ ಎಲ್ಲರೆದುರು ಭಾವನ ಮೇಲೆ ಕೂಗಾಡಿದ್ದನಂತೆ.

"ನನ್ನನ್ನ ಕ್ಷಮಿಸ್ತೀಯಾ?" ಎಂದು ಇಂಗ್ಲಿಷಿನಲ್ಲಿ ಕೇಳಿದ.

"ಅಯ್ಯೋ ಬಿಡು, ಅದನ್ನ ಆಗ್ಲೇ ಮರ್ತಿದೀನಿ," ಎಂದರು ಭಾವ.

"ಸಂಜೆಯಿಂದ ನಮ್ಮ ಪ್ರಾಯಶ್ಚಿತ್ತದ ದಿನ. ನಿನಗೆ ಮಾಡಿದ ತಪ್ಪನ್ನ ನೀನು ಕ್ಷಮಿಸದೆ ದೇವರೂ ಕ್ಷಮಿಸಲ್ಲ."

ರೈಲು ಬಂತು, ನಾವು ಹತ್ತಲಿಲ್ಲ.

"ನಿಜ ಹೇಳ್ಬೇಕಂದ್ರೆ, ಮರ್ತಿರಲಿಲ್ಲ. ತುಂಬ ನೋವಾಗಿತ್ತು. ಈಗ ಕ್ಷಮಿಸಿದೀನಿ," ಎಂದು ಭಾವ ಅವನ ಕೈ ಹಿಡಿದುಕೊಂಡರು.

ಡೇನಿಯಲ್ ಕಣ್ಣೊರೆಸಿಕೊಂಡ. "ಬದಲಾಗಿದೀನಿ ಅಂತ ಈಗಲೇ ಹೇಳಲ್ಲ. ಅಂಥದೇ ಮೀಟಿಂಗ್ ಇನ್ನೊಂದು ಬರಲಿ, ಆಗ ನೋಡು."

"ಸೋಮವಾರವೇ ಇದೆಯಲ್ಲಪ್ಪ," ಎಂದರು ಭಾವ, ಕೈ ಬಿಡದೆ.