ಯಾರ ಮನೆಯೆದುರೂ ಬೇಡದ ಬೆಂಚು

ಹೊಸ ಬಡಾವಣೆಯ ಮೇಲ್ವಿಚಾರಕರಿಗೆ ನೀರು, ಬೀದಿದೀಪ, ಕಸ ಎಲ್ಲವೂ ತಲೆನೋವೇ. ಆದರೆ ಅವರ ಜೀವ ಹಿಂಡಿದ್ದು ಒಂದು ಕಬ್ಬಿಣದ ಬೆಂಚು. ಪಾರ್ಕಿಗೆ ಬೆಂಚು ಬೇಕೆಂದು ಸಭೆಯಲ್ಲಿ ಎಲ್ಲರೂ ಕೈ ಎತ್ತಿದ್ದರು. ಬಂದ ಮೇಲೆ ಅದು ಯಾರಿಗೂ ತಮ್ಮ ಮನೆಯೆದುರು ಬೇಡ.

"ಸಂಜೆ ಆದ್ರೆ ಸಾಕು, ಕೂತ್ಕೊಂಡು ಹರಟೆ ಹೊಡೀತಾರೆ. ಆ ಕಡೆ ಹಾಕ್ಸಿ," ಎಂದರು ಮೂಲೆಮನೆಯ ಡಾಕ್ಟರು. ಆ ಕಡೆಯವರು ಈ ಕಡೆ ತೋರಿಸಿದರು. ಬೆಕ್ಕು ಮರಿ ಹೊತ್ತ ಹಾಗೆ ಮೇಲ್ವಿಚಾರಕರೂ ಮಾಲಿಯೂ ಅದನ್ನು ಹೊತ್ತು ಪಾರ್ಕೆಲ್ಲ ತಿರುಗಿದರು.

"ನನ್ನ ತಲೆ ಮೇಲೇ ಇಟ್ಬಿಡಿ ಸಾರ್, ಯಾರ ಮನೆಗೂ ಎದುರಾಗಲ್ಲ," ಎಂದ ಮಾಲಿ.

ಕೊನೆಗೆ ಬೆಂಚು ಪಂಪ್‌ಹೌಸಿನ ಗೋಡೆಯ ಪಕ್ಕ ಕೂತಿತು. ಸೊಂಟ ಹಿಡಿದುಹೋಗಿದ್ದ ಮೇಲ್ವಿಚಾರಕರು ಉಸ್ಸಪ್ಪಾ ಎಂದು ಅದರ ಮೇಲೆ ಕುಸಿದರು. ಇಷ್ಟು ದಿನದಲ್ಲಿ ಅದರ ಮೇಲೆ ಕೂತ ಮೊದಲಿಗರು ಅವರೇ. ಕಣ್ಣು ಮುಚ್ಚುವಷ್ಟರಲ್ಲಿ ಮೂರನೇ ಮಹಡಿಯ ಮೇಡಂ ಫೋನು ಮಾಡಿದರು.

"ನೋಡ್ರೀ, ಪಂಪ್‌ಹೌಸ್ ಹತ್ರ ಬೆಂಚ್ ಮೇಲೆ ಯಾರೋ ಮುದುಕ ಕೂತಿದಾನೆ. ಮೊದ್ಲು ಎಬ್ಬಿಸಿ ಕಳ್ಸಿ."

ಮೇಲ್ವಿಚಾರಕರು ಗೋಡೆ ಹಿಡಿದು ಮೆಲ್ಲಗೆ ಎದ್ದು, ಪ್ಯಾಂಟಿನ ಧೂಳು ಕೊಡವಿಕೊಂಡರು.

"ಎಬ್ಬಿಸಿದೆ ಮೇಡಂ," ಎಂದರು.