ರೆಸಿಯ ನಿದ್ದೆ ಕೆಟ್ಟ ಚಳಿಗಾಲ

ರವಿಶಂಕರನಿಗೆ ಅನುಭವ ಇಲ್ಲವೆಂದು ಹೆರ್ ಡೋರ್ನರ್ ಹೇಳಿದಾಗ ನಾನು ಅಲ್ಲೇ, ಫ್ರಾವ್ ಲೆಹ್ನರ್ ಎಂಬ ಅಜ್ಜಿಯ ಅಡುಗೆಮನೆಯಲ್ಲಿ ಕೇಕು ತಿನ್ನುತ್ತ ಕೂತಿದ್ದೆ. ಕೇಕು ಅಜ್ಜಿಯದು, ಮನೆ ಅಜ್ಜಿಯದು, ಅದಕ್ಕೆ ಸುಮ್ಮನಿದ್ದೆ. ಇಲ್ಲದಿದ್ದರೆ ನಾನು ಗದಗಿನ ಪ್ರೇಮಕುಮಾರಿ, ಸುಮ್ಮನಿರುವ ಪೈಕಿಯೇ ಅಲ್ಲ.

"ನಿಮ್ಮ ಕೈಯಲ್ಲಿ ಈವರೆಗೆ ಎಷ್ಟು ಮರಿಯಾಗಿವೆ?" ಎಂದು ಡೋರ್ನರ್ ಕೇಳಿದರು. ಜರ್ಮನಿಯ ನಮ್ಮ ಈ ರೇಗನ್ಸ್‌ಬರ್ಗಿನಲ್ಲಿ ಆಮೆ ಸಾಕುವವರದೊಂದು ಫೆರೈನ್, ಅಂದರೆ ಸಂಘ, ಇತ್ತು. ಅದಕ್ಕೆ ಅವರೇ ಅಧ್ಯಕ್ಷರು. ಅವರ ತೋಟದ ಗಾಜಿನ ಮನೆಯಲ್ಲಿ ಪ್ರತಿ ಬೇಸಿಗೆಗೂ ಆಮೆಮರಿಗಳು ಮೊಟ್ಟೆಯೊಡೆದು ಬರುತ್ತಿದ್ದವು. ಮ್ಯೂನಿಕ್‌ನಿಂದ ಜನ ಬಂದು ಒಯ್ಯುತ್ತಿದ್ದರು.

"ಒಂದೂ ಇಲ್ಲ" ಎಂದ ರವಿಶಂಕರ. ನಾಚಿಕೆಯಿಲ್ಲ, ಅಳುಕಿಲ್ಲ, ಪಂಪ್‌ಸೆಟ್ಟಿನ ಬೆಲೆ ಹೇಳಿದಷ್ಟು ಸಲೀಸಾಗಿ ಹೇಳಿದ.

"ಹಾಗಾದರೆ ನೀವು ಪ್ರೀತಿಯಿಂದ ನೋಡಿಕೊಳ್ಳುತ್ತೀರಿ, ಒಪ್ಪುತ್ತೇನೆ. ಆದರೆ ಅನುಭವಸ್ಥರಲ್ಲ. ಪ್ರಾಣಿಯನ್ನು ಸರಿಯಾಗಿ ಸಾಕಿದರೆ ಅದು ಮರಿ ಮಾಡಿಯೇ ಮಾಡುತ್ತದೆ. ಮರಿ ಮಾಡಿಸಿದವನೇ ಅನುಭವಸ್ಥ. ನಮ್ಮ ಸಂಘದಲ್ಲಿ ಅದೇ ಲೆಕ್ಕ."

ಇಷ್ಟೆಲ್ಲ ಮಾತು ರೆಸಿಯ ಸಲುವಾಗಿ. ರೆಸಿ ಎಂದರೆ ಅಜ್ಜಿಯ ನೆಲದಾಮೆ. ಮದುವೆಯಾದ ಹೊಸದರಲ್ಲಿ ಗಂಡ ತಂದುಕೊಟ್ಟದ್ದು. ಗಂಡ ಹೋದರೂ ರೆಸಿ ಉಳಿದಳು. ಈಗ ಅಜ್ಜಿಯ ಸೊಂಟದ ಎಲುಬು ಮುರಿದಿತ್ತು. ವಸಂತ ಬಂದರೆ ಆಲ್ಟರ್ಸ್‌ಹೈಮ್‌ನಲ್ಲಿ, ಆ ವೃದ್ಧಾಶ್ರಮದಲ್ಲಿ, ಅವರಿಗೊಂದು ಕೋಣೆ ಸಿಗುವುದಿತ್ತು. ಅಲ್ಲಿ ಪ್ರಾಣಿಗಳಿಗೆ ಪ್ರವೇಶವಿಲ್ಲ. ಎರಡು ವರ್ಷದಿಂದ ಆಮೆಯನ್ನು ನೋಡಿಕೊಂಡವನು ಮೇಲಿನ ಮನೆಯ ರವಿಶಂಕರನೇ. ಈಗ ಡೋರ್ನರ್ ರೆಸಿಯನ್ನು ತಮಗೆ ಕೊಡಿರೆಂದು ಕೇಳುತ್ತಿದ್ದರು. ಅಜ್ಜಿ ನಿಯಮದವರು, ಅಧ್ಯಕ್ಷರ ಮಾತನ್ನು ಸುಲಭಕ್ಕೆ ತೆಗೆದುಹಾಕುವವರಲ್ಲ.

"ಈ ಚಳಿಗಾಲ ರೆಸಿ ನಿನ್ನ ಹತ್ತಿರ ಮಲಗಲಿ" ಎಂದು ಕೊನೆಗೆ ರವಿಶಂಕರನಿಗೆ ಹೇಳಿದರು. "ಅವಳು ಎದ್ದ ಮೇಲೆ ಹೆರ್ ಡೋರ್ನರ್ ಬಂದು ನೋಡಲಿ. ಆಗ ತೀರ್ಮಾನ ಮಾಡುತ್ತೇನೆ."

ಮೆಟ್ಟಿಲು ಹತ್ತುವಾಗ ನಾನು ಕುದಿಯುತ್ತಿದ್ದೆ. ಅವನು ನಗುತ್ತಿದ್ದ. "ಸಿಟ್ಟಾಗಬ್ಯಾಡ್ರಿ ಪ್ರೇಮಕ್ಕ. ಆ ಮನಷ್ಯಾ ಕೆಟ್ಟಾಂವಲ್ಲ. ಅಂವಗ ಮರಿ ಬೇಕು, ನನಗ ರೆಸಿ ಬೇಕು. ಇಷ್ಟ ಫರಕ."

ಅವನು ಇದ್ದದ್ದೇ ಹಾಗೆ. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮಾರುತ್ತಿದ್ದವನು, ಯೂರೋ ನೋಟು ಬರುವುದಕ್ಕೆ ಸ್ವಲ್ಪ ಮುಂಚೆ ಹೆಂಡತಿ ಸೌಭಾಗ್ಯಳ ಬೆನ್ನುಹತ್ತಿ ಇಲ್ಲಿಗೆ ಬಂದ. ಗ್ರೀನ್ ಕಾರ್ಡು ಎಂಬ ಇಲ್ಲಿನ ಕೆಲಸದ ಪರವಾನಗಿ ಅವಳದು, ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಪ್ರೋಗ್ರಾಮರ್. ಇವನ ಪಾಸ್‌ಪೋರ್ಟಿನಲ್ಲಿ ಕೆಲಸ ಮಾಡುವಂತಿಲ್ಲ ಎಂಬ ಮುದ್ರೆ. ನಮ್ಮ ಕನ್ನಡದ ಮಂದಿ ಬಿಟ್ಟಾರೆಯೇ? ನನ್ನ ಗಂಡ ಶರಣಪ್ಪನೇ ಮೊದಲಿಗ. "ಹೆಂಡ್ತಿ ದುಡೀತಾಳ, ಗಂಡ ರೊಟ್ಟಿ ಬಡೀತಾನ" ಎಂದು ಯುಗಾದಿಗೆ ಕೂಡಿದಾಗಲೆಲ್ಲ ಹಾಸ್ಯ. "ಬಡೀತೀನಿ, ನೀವು ತಿಂತೀರಿ. ಇನ್ನೊಂದು ಹಾಕ್ಲೇನು?" ಎಂದು ಅವನು ತಟ್ಟೆಗೆ ಹಾಕಿಯೇಬಿಡುತ್ತಿದ್ದ. ಅವನ ರೊಟ್ಟಿ ನನ್ನ ರೊಟ್ಟಿಗಿಂತ ತೆಳು, ಸುಳ್ಳೇಕೆ ಹೇಳಲಿ.

ನನ್ನ ಮಗಳು ಪವಿ ದಿನಾ ಕಿಂಡರ್‌ಗಾರ್ಟನ್ ಬಿಟ್ಟ ಮೇಲೆ ಇರುತ್ತಿದ್ದದ್ದು ಅವನ ಹತ್ತಿರವೇ. ಅವನಿಗೂ ಸೌಭಾಗ್ಯಳಿಗೂ ಮಕ್ಕಳಾಗಿರಲಿಲ್ಲ. ಆದರೂ ಪವಿಗೆ ಜ್ವರ ಬರುವುದು ನನಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. "ಮಧ್ಯಾಹ್ನದಿಂದ ಮಾತು ಕಡಿಮಿ ಆಗೈತಿ, ರಾತ್ರಿ ಮೈ ಬಿಸಿ ಆಗತೈತಿ ನೋಡ್ರಿ" ಅನ್ನುತ್ತಿದ್ದ, ಆಗುತ್ತಿತ್ತು.

ಆಮೆಯ ವಿಷಯದಲ್ಲೂ ಅಷ್ಟೇ. ತೋಟದಲ್ಲಿ ಅದರ ಪಕ್ಕ ಕೂತು ನೋಡುವುದೇ ಅವನ ಕೆಲಸ. ರೆಸಿ ಯಾವ ಸೊಪ್ಪನ್ನು ಕಾಲಿನಿಂದ ಸರಿಸುತ್ತಾಳೆ, ಯಾವ ಗಳಿಗೆಗೆ ಬಿಸಿಲು ಬಿಟ್ಟು ನೆರಳಿಗೆ ಹೋಗುತ್ತಾಳೆ, ಎಲ್ಲ ಗೊತ್ತು. ಈ ಆಮೆಗಳು ಚಳಿಗಾಲವಿಡೀ ಮಲಗಬೇಕು. ಅಜ್ಜಿ ನೆಲಮಾಳಿಗೆಯಲ್ಲಿ ಮಲಗಿಸುತ್ತಿದ್ದರು. ಅಲ್ಲಿ ಹೊಸ ಬಾಯ್ಲರ್ ಬಂದು ನೆಲಮಾಳಿಗೆ ಬೆಚ್ಚಗಾಯಿತು. ಅರೆಬೆಚ್ಚಗೆ ಮಲಗಿದ ಆಮೆ ಒಳಗೊಳಗೇ ಸೊರಗುತ್ತದಂತೆ. ಅದಕ್ಕೆ ರವಿಶಂಕರ ಒಂದು ಹಳೆಯ ಫ್ರಿಜ್ಜು ತಂದು ಪಡಸಾಲೆಯಲ್ಲಿಟ್ಟ. ಮಣ್ಣು, ಒಣಗಿದ ಎಲೆ ತುಂಬಿದ ಪೆಟ್ಟಿಗೆಯಲ್ಲಿ ರೆಸಿಯನ್ನು ಹುದುಗಿಸಿ ಒಳಗೆ ಮಲಗಿಸಿದ. ಗಾಳಿಯಾಡಲೆಂದು ದಿನಾ ಒಮ್ಮೆ ಬಾಗಿಲು ತೆರೆಯುತ್ತಿದ್ದ. ಈ ದೇಶದಲ್ಲಿ ಇದು ನಡೆದುಬಂದ ಪದ್ಧತಿ. ಮೊದಲ ಸಲ ನೋಡಿದಾಗ ನಾನೂ ಅಯ್ಯಯ್ಯೋ ಎಂದು ಕೂಗಿದ್ದೆ.

ಆ ಡಿಸೆಂಬರಿನಲ್ಲಿ ಸೌಭಾಗ್ಯಳ ತಾಯಿ ಗಂಗವ್ವ ನವಲಗುಂದದಿಂದ ಬಂದಳು. ಸಜ್ಜಿ ಹಿಟ್ಟು, ಶೇಂಗಾ ಹಿಂಡಿ, ಜೊತೆಗೆ ರಾಶಿ ಅಭಿಪ್ರಾಯ. ಏಳು ಮಕ್ಕಳ ತಾಯಿ, ಓಣಿಯ ಬಾಣಂತನವೆಲ್ಲ ಅವಳ ಕೈಯದೇ. ಬಂದ ದಿನವೇ ಪವಿಗೆ ಬಟ್ಟಲು ತುಂಬ ಚಹಾ ಕೊಟ್ಟಳು. ರವಿಶಂಕರ ಬೇಡವೆಂದ.

"ಅಳೇಂದ್ರ, ಏಳು ಹಡದೀನಿ, ಏಳೂ ಉಳಿಸೀನಿ. ಹಡದ ಮ್ಯಾಲ ತಿಳೀತಾವ್ರೀ ಇವೆಲ್ಲಾ."

"ಆತ್ರೀ ಅತ್ತಿ, ಹಡದ ಮ್ಯಾಲ ಕೇಳತೀನಿ" ಎಂದು ಅವನು ಬಟ್ಟಲೆತ್ತಿ ತಾನೇ ಕುಡಿದ.

ರವಿವಾರಕ್ಕೊಮ್ಮೆ ಗಂಗವ್ವ ಫೋನ್ ಕಾರ್ಡು ಹಾಕಿ ತಂಗಿಯೊಡನೆ ಮಾತಾಡುವಳು. ಅತ್ತಲಿಂದ ತಂಗಿಯದು ಒಂದೇ ಪ್ರಶ್ನೆ, ಅಳಿಯ ಏನು ಕೆಲಸ ಮಾಡುತ್ತಾನೆಂದು. ಗಂಗವ್ವ ದನಿ ಇಳಿಸಿ "ಕಂಪ್ಯೂಟರ್, ಕಂಪ್ಯೂಟರ್" ಎಂದು ಮಾತು ಹೊರಳಿಸುವಳು. ಗೋಡೆಯಾಚೆ ರವಿಶಂಕರ ಇರುತ್ತಿದ್ದ. ಕೇಳಿಸಿಕೊಳ್ಳುತ್ತಲೇ ರೊಟ್ಟಿ ಬಡಿಯುತ್ತಿದ್ದ.

ಫ್ರಿಜ್ಜಿನಲ್ಲಿ ಜೀವ ಇದೆಯೆಂದರೆ ಅವ್ವ ಅನ್ನ ಬಿಟ್ಟಾಳೆಂದು ಸೌಭಾಗ್ಯ ಹೆದರಿದ್ದಳು. "ಪಡಸಾಲ್ಯಾಗಿನ ಫ್ರಿಜ್ ಕೆಟ್ಟೈತಿ ಯವ್ವಾ, ತಗೀಬ್ಯಾಡ" ಎಂದುಬಿಟ್ಟಿದ್ದಳು. ಅಲ್ಲ, ಕೆಟ್ಟ ಫ್ರಿಜ್ಜು ಹಗಲೂ ರಾತ್ರಿ ಗುಂಯ್‌ಗುಟ್ಟುತ್ತದೆಯೇ? ಏಳು ಮಕ್ಕಳ ಕಳ್ಳಾಟ ಹಿಡಿದವಳು ನಂಬುತ್ತಾಳೆಯೇ?

ಸಂಕ್ರಾಂತಿಯ ದಿನ ಸೌಭಾಗ್ಯ ಆಫೀಸಿನಲ್ಲಿ, ರವಿಶಂಕರ ಜರ್ಮನ್ ಕ್ಲಾಸಿನಲ್ಲಿ. ಕುಸುರೆಳ್ಳು ಕೊಡಲೆಂದು ನಾನು ಹೋದೆ. ಬಾಗಿಲು ತೆರೆದೇ ಇತ್ತು. ಗಂಗವ್ವ ಬಚ್ಚಲಲ್ಲಿ ಕಾಲು ನೀಡಿ ಕೂತಿದ್ದಳು. ನೀಡಿದ ಕಾಲ ಮೇಲೆ ರೆಸಿ. ಚಿಪ್ಪಿಗೆ ಕೊಬ್ಬರಿ ಎಣ್ಣೆ ಹಚ್ಚಿ, ತಂಬಿಗೆಯಿಂದ ಬಿಸಿನೀರು ಹಾಕಿ, ಹಸುಗೂಸಿಗೆ ಎರೆದಂತೆ ಎರೆಯುತ್ತಿದ್ದಳು.

"ಪ್ರೇಮಾ, ಬಾ ಯವ್ವಾ ಬಾ, ಈ ಪಾಪಿಗಳು ಏನ ಮಾಡ್ಯಾರ ನೋಡ! ಜೀವ ಇರೂದನ್ನ ತಂಪಿನ ಪೆಟ್ಟಿಗ್ಯಾಗ ಹಾಕ್ಯಾರ! ಕಲ್ಲಾಗಿತ್ತು. ಒಲಿ ಮುಂದ ಕುಂದ್ರಿಸಿದೆ, ಕಣ್ಣ ತಗೀತು. ಅರ್ಧಾ ಬಾಳೆಹಣ್ಣ ತಿಂತು ನನ ಬಂಗಾರಾ!"

ಒಲೆ ಎಂದರೆ ಕೋಣೆಯ ಹೀಟರು. "ಅಯ್ಯ ಗಂಗವ್ವಾ, ಅದು ಮಲಗಿತ್ತು" ಅಂದೆ. ಅವಳಿಗೆ ಅರ್ಥವಾಗಲಿಲ್ಲ.

ರವಿಶಂಕರ ಬಂದಾಗ ಸೌಭಾಗ್ಯಳ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ರೆಸಿಯನ್ನು ಸುತ್ತಿಟ್ಟಿತ್ತು. ನನ್ನ ಗಂಡನಾಗಿದ್ದರೆ ಮನೆಯ ಮಾಡು ಹಾರಿಹೋಗುತ್ತಿತ್ತು. ಇವನು ಪುಸ್ತಕದ ಚೀಲ ಕೆಳಗಿಟ್ಟ. ಆಮೇಲೆ ಆಮೆಯನ್ನು ಎತ್ತಿಕೊಂಡು ಕಣ್ಣು ನೋಡಿದ, ಬಾಯಿ ನೋಡಿದ. "ಬಾಳೆಹಣ್ಣು ತಿಂದಾಳಂದ್ರ ಇನ್ನ ಮಲಗಿಸಾಕ ಬರೂದಿಲ್ಲ ಅತ್ತಿ. ಹೊಟ್ಯಾಗಿಂದು ಕೊಳೀತೈತಿ. ಇನ್ನ ಆಕಿನ್ನ ಎಬ್ಬಿಸೇ ಇಟ್ಟು ಬದುಕಿಸಬೇಕು" ಎಂದ. ಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಡೋರ್ನರ್‌ಗೆ ಫೋನ್ ಮಾಡಿದ. "ನನ್ನವು ನಡುಚಳಿಗಾಲದಲ್ಲಿ ಒಮ್ಮೆಯೂ ಎದ್ದಿಲ್ಲ, ಹಾಗಾಗಿ ಏನು ಹೇಳಬೇಕೋ ನನಗೂ ತಿಳಿಯದು" ಎಂದರಂತೆ ಅವರು. "ಮುದಿ ಜೀವ. ಆಸೆ ಇಟ್ಟುಕೊಳ್ಳಬೇಡಿ." ಫೋನಿಟ್ಟು ರವಿಶಂಕರ ನೇರ ಕೆಳಗಿಳಿದು ಅಜ್ಜಿಗೂ ಹೇಳಿದ: ನನ್ನ ಮನೆಯಲ್ಲಿ ತಪ್ಪಾಯಿತು, ರೆಸಿ ಎದ್ದಿದ್ದಾಳೆ. ಯಾರ ತಪ್ಪೆಂದು ಹೇಳಲಿಲ್ಲ.

ಅಂದಿನಿಂದ ಅವರ ಮಲಗುವ ಕೋಣೆ ರೆಸಿಯದಾಯಿತು. ಬಿಸಿಲಿನ ಬದಲು ದೊಡ್ಡ ದೀಪ, ಬೆಳಿಗ್ಗೆ ಉಗುರುಬೆಚ್ಚಗಿನ ನೀರು, ಎಣ್ಣೆಯಿಲ್ಲದೆ. ಗಂಡ ಹೆಂಡತಿ ಪಡಸಾಲೆಯಲ್ಲಿ ಹಾಸಿಕೊಂಡರು. ರೆಸಿ ನೀರು ಕುಡಿದಳು, ಆದರೆ ತಿನ್ನಲಿಲ್ಲ. ಅಂಗಡಿಯ ಸಲಾಡ್ ಎಲೆ ಇಟ್ಟರೆ ಮುಖ ತಿರುಗಿಸಿದಳು. ದಿನದಿನಕ್ಕೆ ಹಗುರಾದಳು. ನಾವೆಲ್ಲ ಆಸೆ ಬಿಟ್ಟೆವು. ಶರಣಪ್ಪ ಕೂಡ ಹಾಸ್ಯ ನಿಲ್ಲಿಸಿದ.

"ಆಕಿಗೆ ಲೋವೆನ್‌ತ್ಸಾನ್ ಬೇಕು ಪ್ರೇಮಕ್ಕ" ಎಂದ ರವಿಶಂಕರ. ಹಳದಿ ಹೂವಿನ ಆ ಕಳೆ ಬೇಸಿಗೆಯಲ್ಲಿ ಕಂಡಕಂಡಲ್ಲಿ ಇರುತ್ತದೆ. ಹಿಮದಲ್ಲಿ ಎಲ್ಲಿಂದ ತರುವುದು? "ನಿಮಗ ಹೆಂಗ ಗೊತ್ತು ಅದೇ ಬೇಕಂತ?" ಅಂದೆ. "ಎರಡು ಬ್ಯಾಸಗಿ ಆಕಿ ಮೊದಲ ಯಾವುದಕ್ಕ ಬಾಯಿ ಹಾಕತಾಳ ನೋಡೀನಲ್ಲ."

ಹಿಮ ಸ್ವಲ್ಪ ಕರಗಿದ ದಿನ ಡ್ಯಾನ್ಯೂಬ್ ದಂಡೆಗೆ ಹೋಗಿ ನೆಲ ಕೆದಕಿದ. ಎಲೆ ಎಲ್ಲ ಕೊಳೆತಿತ್ತು, ಬೇರು ಮಾತ್ರ ಸಿಕ್ಕಿತು. ಪೆಚ್ಚಾಗಿ ಅದನ್ನೇ ಹಿಡಿದುಕೊಂಡು ಬಂದ. ಸಂಕ್ರಾಂತಿಯಿಂದ ತುಟಿಬಿಚ್ಚದ ಗಂಗವ್ವ ಆಗ ಎದ್ದಳು. ಅವನ ಕೈಯಿಂದ ಬೇರು ಇಸಿದುಕೊಂಡಳು. "ಬೇರ ಐತಂದ್ರ ಚಿಗರತೈತ್ರಿ. ಇದಿಷ್ಟು ನನಗ ಗೊತ್ತೈತಿ." ಖಾಲಿ ಮೊಸರಿನ ಡಬ್ಬಿಗಳಿಗೆ ಮಣ್ಣು ತುಂಬಿ, ಬೇರು ನೆಟ್ಟು, ಹೀಟರಿನ ಮೇಲಿನ ಕಿಟಕಿಕಟ್ಟೆಯಲ್ಲಿ ಸಾಲಾಗಿ ಇಟ್ಟಳು.

ಎಲೆ ಬಂತು, ತೆಳುಹಸಿರು. ಮೊದಲ ಎಲೆಯನ್ನು ರವಿಶಂಕರ ದೀಪದ ಕೆಳಗಿಟ್ಟು ನೆಲದ ಮೇಲೆ ಬೋರಲು ಮಲಗಿ ಕಾದ. ಅವನ ಹಿಂದೆ ಗಂಗವ್ವ, ಅವಳ ಹಿಂದೆ ನಾನು. ರೆಸಿ ಕತ್ತು ಚಾಚಿದಳು, ನೋಡಿದಳು, ಕಚ್ಚಿದಳು.

"ತಿಂದ್ಲು!" ಎಂದು ಅವನು ಕೂಗಿದ ಕೂಗಿಗೆ ಕೆಳಗಿನಿಂದ ಅಜ್ಜಿ ಕೋಲಿನಿಂದ ಮಾಡು ಬಡಿದರು. ಅವನು ಬರಿಗಾಲಲ್ಲೇ ಓಡಿಹೋಗಿ ಹೇಳಿಬಂದ. ನಾನು ಅತ್ತುಬಿಟ್ಟೆ. ಆಮೆಯೊಂದು ಎಲೆ ತಿಂದಿತೆಂದು ಅತ್ತೆನೆಂದರೆ ಗದಗಿನಲ್ಲಿ ನನ್ನನ್ನು ಹುಚ್ಚಿ ಅಂದಾರು, ಅನ್ನಲಿ.

ವಸಂತ ಬಂತು. ಡೋರ್ನರ್ ಮರದ ಪೆಟ್ಟಿಗೆ ಹಿಡಿದುಕೊಂಡೇ ಬಂದರು. ಅಜ್ಜಿಯ ಅಡುಗೆಮನೆಯಲ್ಲಿ ಎಲ್ಲರೂ ಕೂಡಿದೆವು. ರೆಸಿಯನ್ನು ಮೇಜಿನ ಮೇಲಿಟ್ಟು ಅವರು ತೂಕ ನೋಡಿದರು, ಕಣ್ಣು ಮೂಗು ನೋಡಿದರು. "ಚೆನ್ನಾಗಿದ್ದಾಳೆ" ಎಂದರು. ಅಷ್ಟರಮಟ್ಟಿಗೆ ಪ್ರಾಮಾಣಿಕರು. "ಆದರೆ ಇದು ಅದೃಷ್ಟ. ಅನುಭವ ಇದ್ದವರ ಮನೆಯಲ್ಲಿ ಪ್ರಾಣಿ ನಡುಚಳಿಗಾಲದಲ್ಲಿ ಏಳುವುದೇ ಇಲ್ಲ. ನನ್ನಲ್ಲಿಗೆ ಬಂದರೆ ಮೊಟ್ಟೆ ಇಟ್ಟಾಳು, ಇವಳ ವಂಶ ಉಳಿದೀತು. ಯೋಚಿಸಿ, ಫ್ರಾವ್ ಲೆಹ್ನರ್."

"ಆಗಿದ್ದು ನನ್ನ ಮನೆಯಲ್ಲಿ. ಹೊಣೆ ನನ್ನದೇ" ಎಂದ ರವಿಶಂಕರ. ಕೈ ಮಾತ್ರ ರೆಸಿಯ ಚಿಪ್ಪಿನ ಮೇಲಿತ್ತು. ಈ ಊರಿನವರು ಅವನ ಕೈಗೆ ನಂಬಿ ಕೊಟ್ಟದ್ದೆಂದರೆ ಅದೊಂದೇ. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದರು. ಅವರು ಡೋರ್ನರ್ ಕಡೆಗೇ ವಾಲುತ್ತಿದ್ದಾರೆಂದು ನನಗನಿಸಿತು.

"ಆ ಸಾಹೇಬ ಏನಂತಾನ?" ಎಂದು ಗಂಗವ್ವ ಕೇಳಿದಳು. ಸೌಭಾಗ್ಯ ಪಿಸುದನಿಯಲ್ಲಿ ಹೇಳಿದಳು. ಗಂಗವ್ವ ಸೆರಗು ಸರಿಮಾಡಿಕೊಂಡು ಎದ್ದುನಿಂತಳು.

"ನಾ ಅಂದಿದ್ದು ಅಂದಂಗ ಹೇಳಬೇಕ ನೋಡ ಸೌಭಾಗ್ಯಾ. ಇದನ್ನ ಎಬ್ಬಿಸಿದಾಕಿ ನಾನು. ಅಳೇಂದ್ರಲ್ಲ, ನಾನು. ಏಳು ಹಡದೀನಂತ ಸೊಕ್ಕಿತ್ತು ನನಗ. ಹಡದಾಕಿಗೆ ಎಲ್ಲಾ ಗೊತ್ತಿರತೈತಿ ಅಂತ ಕೂಸಿಗೆ ಎರದಂಗ ಎರದೆ, ಬಾಳೆಹಣ್ಣ ತಿನಿಸಿದೆ, ಕೊಲ್ಲಾಕ ಹೊಂಟಿದ್ದೆ. ನಾ ನನ್ನ ಮಕ್ಕಳನ್ನ ನೆನಿಸಿಕೊಂಡು ಇದಕ್ಕ ಮಾಡಿದೆ. ಇವರು ಇದನ್ನ ನೋಡಿ ಇದಕ್ಕ ಮಾಡಿದ್ರು. ಅದಕ್ಕ ಉಳೀತು. ಹಡಸಿದಾಂವ ದೊಡ್ಡಾಂವ ಅಂತಾನಲ್ಲ, ಕೇಳ ಅವನ್ನ, ಏಳು ಹಡದಾಕಿ ಕೈಯಾಗ ಕೊಡತಾನೇನು ಇದನ್ನ?"

ಸೌಭಾಗ್ಯಳ ಕಿವಿ ಕೆಂಪಾಗಿದ್ದವು. ಆದರೂ ಒಂದೊಂದು ಮಾತನ್ನೂ ಜರ್ಮನ್ನಿಗೆ ತಂದಳು.

"ಏಳು?" ಎಂದು ಅಜ್ಜಿ ಕಣ್ಣು ಬಿಟ್ಟು ಗಂಗವ್ವನನ್ನು ನೋಡಿದರು. ಗಂಗವ್ವ ಏಳು ಬೆರಳು ತೋರಿಸಿದಳು. ಅಜ್ಜಿ ನಕ್ಕುಬಿಟ್ಟರು. ನಗುತ್ತಲೇ ಕೋಲಿನಿಂದ ಮರದ ಪೆಟ್ಟಿಗೆಯನ್ನು ಡೋರ್ನರ್ ಕಡೆಗೆ ಸರಿಸಿದರು. "ರೆಸಿ ಮೇಲಿನ ಮನೆಯಲ್ಲೇ ಇರುತ್ತಾಳೆ. ತಿಂಗಳಿಗೊಮ್ಮೆ ನನಗೆ ತೋರಿಸಲು ಕರೆದುಕೊಂಡು ಬಾ, ರವಿ. ಆಲ್ಟರ್ಸ್‌ಹೈಮ್‌ನ ಬಾಗಿಲ ಹೊರಗೆ ಬೆಂಚಿದೆ, ಅಲ್ಲಿ ಅವರ ನಿಯಮ ನಡೆಯುವುದಿಲ್ಲ."

ರವಿಶಂಕರ ಅಜ್ಜಿಯ ಎರಡೂ ಕೈ ಹಿಡಿದುಕೊಂಡ. ಹೋಗುವ ಮುಂಚೆ ಡೋರ್ನರ್ ಮೇಲೆ ಬಂದು ದೀಪ ಎಷ್ಟೆತ್ತರದಲ್ಲಿ ಕಟ್ಟಿದ್ದಾನೆಂದು ನೋಡಿದರು, ಮೊಸರಿನ ಡಬ್ಬಿಗಳನ್ನೂ ನೋಡಿದರು. ಸಂಘದ ಸಭೆಗೆ ಬಂದು ಇದನ್ನೆಲ್ಲ ಹೇಳಬೇಕೆಂದು ಕರೆದರು. "ಬರತೀನಂತ ಹೇಳೀನಿ. ರೊಟ್ಟಿನೂ ಒಯ್ತೀನಿ" ಎಂದ ಇವನು ನನಗೆ.

ಆ ರವಿವಾರ ನಾನು ಅವರ ಮನೆಯಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದೆ. ಗಂಗವ್ವ ತಂಗಿಗೆ ಫೋನು ಹಚ್ಚಿದ್ದಳು. ಎಂದಿನ ಪ್ರಶ್ನೆ ಬಂದಿರಬೇಕು. ಈ ಸಲ ದನಿ ಇಳಿಯಲಿಲ್ಲ.

"ಕಂಪ್ಯೂಟರ್ ಅಲ್ಲ ಬಿಡ. ಅದು ನಾ ಹೇಳಿದ್ದ ಸುಳ್ಳ. ನಮ್ಮ ಅಳೇಂದ್ರು ಸಾಕತಾರ... ಸಾಕತಾರ ಅಂದೆ, ಕಿವಿ ಕೇಳಸೂದಿಲ್ಲೇನ? ಅವರ ಕೈಯಾಗ ಯಾವ ಜೀವ ಕೊಟ್ರೂ..."

ಅಷ್ಟರಲ್ಲಿ ಕಾರ್ಡು ಮುಗಿದು ಫೋನು ಕಟ್ಟಾಯಿತು. ಗಂಗವ್ವ ಸೌಭಾಗ್ಯಳ ಪರ್ಸಿನಿಂದ ಇನ್ನೊಂದು ಹೊಸ ಕಾರ್ಡು ತೆಗೆಸಿ, ಮತ್ತೆ ನವಲಗುಂದಕ್ಕೆ ಹಚ್ಚಿ, ಉಳಿದ ಮಾತು ಹೇಳಿ ಮುಗಿಸಿದಳು. "ಯಾವ ಜೀವ ಕೊಟ್ರೂ ಉಳಿಸತಾರ."